ಮೊದಲ ವರ್ಷನ್ನಿನಲ್ಲೇ ಸಾಯಬೇಕಿದ್ದ ಕಾರು

1954ರ ಕೊನೆಗೆ ಅಮೆರಿಕದ ಶೆವ್ರೊಲೆ ಕಂಪನಿಯ ಕೈಯಲ್ಲಿ ಒಂದು ಮುಜುಗರ ಉಳಿದಿತ್ತು. ಆ ವರ್ಷ ಅವರು 3,640 ಕಾರ್ವೆಟ್ ಕಾರುಗಳನ್ನು ತಯಾರಿಸಿದ್ದರು. ಅದರಲ್ಲಿ ಸಾವಿರಕ್ಕೂ ಹೆಚ್ಚು ಕಾರುಗಳನ್ನು ಕೇಳೋರೇ ಇರಲಿಲ್ಲ. ಎರಡು ವರ್ಷದ ಹಿಂದೆ ಇದೇ ಕಾರನ್ನು ನೋಡೋಕೆ ಜನ ಜಾತ್ರೆಗೆ ಬಂದ ಹಾಗೆ ಬಂದಿದ್ದರು. ನೋಡಿದೋರೆಲ್ಲ ಕೊಳ್ಳೋರಲ್ಲ ಅನ್ನೋದು ಅಂಗಡಿ ಇಟ್ಟವರಿಗೆಲ್ಲ ಗೊತ್ತಿರೋ ವಿಷಯ, ಆದರೆ ದೊಡ್ಡ ಕಂಪನಿಗಳಿಗೆ ಅದು ಪ್ರತಿ ಸಲ ಹೊಸದಾಗಿ ಗೊತ್ತಾಗುತ್ತೆ.

ಕಾರ್ವೆಟ್ ಬಗ್ಗೆ ಯೂಟ್ಯೂಬಿನಲ್ಲಿ ಸಿಗೋ ವಿಡಿಯೊಗಳು ಬಹುಪಾಲು ಒಂದೇ ಕಥೆ ಹೇಳ್ತವೆ. ಸುಂದರವಾದ ಕಾರು, ಸಪ್ಪೆ ಎಂಜಿನ್, ಆಮೇಲೆ ಜೋರಾ ಅನ್ನೋ ಹೀರೊ ಬಂದ, ವಿ8 ಹಾಕಿದ, ಶುಭಂ. ಈ ಕಥೆಯನ್ನು ನಾನು ಅರ್ಧ ಒಪ್ತೀನಿ. ಇನ್ನರ್ಧ ಒಪ್ಪದೇ ಇರೋದಕ್ಕೆ ಕಾರಣ ಇದೆ, ಅದಕ್ಕೆ ಬರ್ತೀನಿ.

ಮೊದಲು ಈ ಕಾರು ಹುಟ್ಟಿದ್ದು ಹೇಗೆ ಅಂತ ನೋಡೋಣ. ಎರಡನೇ ಮಹಾಯುದ್ಧ ಮುಗಿಸಿ ಯೂರೋಪಿನಿಂದ ಮನೆಗೆ ಮರಳಿದ ಅಮೆರಿಕದ ಸೈನಿಕರಿಗೆ ಅಲ್ಲಿನ ಪುಟ್ಟ ಕಾರುಗಳ ರುಚಿ ಹತ್ತಿತ್ತು. ಎಂಜಿ, ಆಮೇಲೆ ಜಾಗ್ವಾರ್ ಎಕ್ಸ್‌ಕೆ120. ಅಮೆರಿಕದ ಕಾರುಗಳೋ, ಹಜಾರದ ಸೋಫಾಕ್ಕೆ ಚಕ್ರ ಕಟ್ಟಿದ ಹಾಗಿದ್ದವು. ಜನರಲ್ ಮೋಟಾರ್ಸಿನ ವಿನ್ಯಾಸ ವಿಭಾಗದ ಯಜಮಾನ ಹಾರ್ಲಿ ಅರ್ಲ್ ಇದನ್ನು ಗಮನಿಸಿದ. 1927ರಿಂದ ಆ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ. ಕಾರಿಗೆ ರೂಪ ಕೊಡೋದೂ ಒಂದು ಕೆಲಸ, ಅದಕ್ಕೊಂದು ವಿಭಾಗ ಬೇಕು ಅಂತ ಆ ಕಂಪನಿಗೆ ಕಲಿಸಿದವನೇ ಅವನು. ಅವನ ಲೆಕ್ಕ ಸರಳವಾಗಿತ್ತು: ಎರಡು ಸೀಟಿನ, ಮೇಲ್ಛಾವಣಿ ಮಡಚೋ ಕಾರು, ಬೆಲೆ ಸುಮಾರು 1,850 ಡಾಲರ್. ಅಂದರೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನಿಗೂ ಎಟುಕೋ ಹಾಗೆ. ಈ 1,850 ಅನ್ನೋ ಅಂಕಿ ನೆನಪಿಟ್ಟುಕೊಳ್ಳಿ.

ಈ ಗುಟ್ಟಿನ ಯೋಜನೆಗೆ ಇಟ್ಟ ಹೆಸರು 'ಪ್ರಾಜೆಕ್ಟ್ ಓಪೆಲ್'. ಓಪೆಲ್ ಅನ್ನೋದು ಆಗ ಜಿಎಂನದ್ದೇ ಜರ್ಮನ್ ಕಂಪನಿಯಾಗಿತ್ತು, ಹಾಗಾಗಿ ಹೆಸರು ಕಿವಿಗೆ ಬಿದ್ದೋರೂ ತಲೆ ಕೆಡಿಸಿಕೊಳ್ಳೋ ಹಾಗಿರಲಿಲ್ಲ. ರಾಬರ್ಟ್ ಮೆಕ್ಲೀನ್ ಅನ್ನೋ ಎಂಜಿನಿಯರಿಗೆ ಚಾಸಿಯ ನಕ್ಷೆ ಹಾಕೋ ಕೆಲಸ ಬಂತು. ಅಲ್ಲಿವರೆಗೆ ಡೆಟ್ರಾಯಿಟ್ಟಿನಲ್ಲಿ ಕಾರಿನ ನಕ್ಷೆ ಶುರುವಾಗ್ತಾ ಇದ್ದದ್ದು ಮುಂದಿನಿಂದ: ಎಂಜಿನ್ ಇಡು, ಅದರ ಹಿಂದೆ ಗೋಡೆ, ಅದರ ಹಿಂದೆ ಜನ. ಮೆಕ್ಲೀನ್ ಉಲ್ಟಾ ಹೊರಟ. ಹಿಂದಿನ ಆಕ್ಸಲ್ಲಿನಿಂದ ಶುರು ಮಾಡಿ, ಅದಕ್ಕೆ ಆತುಕೊಂಡ ಹಾಗೆ ಇಬ್ಬರನ್ನು ಕೂರಿಸಿ, ಮಿಕ್ಕ ಜಾಗದಲ್ಲಿ ಎಂಜಿನ್ನನ್ನು ಆದಷ್ಟು ಹಿಂದಕ್ಕೆ, ಆದಷ್ಟು ಕೆಳಕ್ಕೆ ಇಟ್ಟ. ಭಾರ ಮುಂದೆ ಎರಡು ಚಕ್ರದ ಮೇಲೆ, ಹಿಂದೆ ಎರಡರ ಮೇಲೆ ಹೆಚ್ಚುಕಮ್ಮಿ ಸಮನಾಗಿ ಬಿದ್ದರೆ ಕಾರು ತಿರುವಿನಲ್ಲಿ ಮಾತು ಕೇಳುತ್ತೆ. ಚಕ್ರದಿಂದ ಚಕ್ರದ ಅಂತರ 102 ಇಂಚು, ಸರಿಯಾಗಿ ಜಾಗ್ವಾರಿನಷ್ಟೇ. ಯಾರನ್ನು ನೋಡಿ ಕಲಿತದ್ದು ಅಂತ ಮುಚ್ಚಿಡೋ ಪ್ರಯತ್ನವೂ ಇರಲಿಲ್ಲ.

ನಕ್ಷೆ ಚೆನ್ನಾಗಿತ್ತು. ತುಂಬೋಕೆ ಸಾಮಾನು ಇರಲಿಲ್ಲ. ಹೊಸ ಎಂಜಿನ್ ಮಾಡೋಕೆ ದುಡ್ಡೂ ಇಲ್ಲ, ಸಮಯವೂ ಇಲ್ಲ. ಶೆವ್ರೊಲೆಯ ಗೋಡೌನಿನಲ್ಲಿ ಇದ್ದದ್ದು ಮನೆಮಂದಿಯ ಕಾರಿಗೆ ಹಾಕ್ತಿದ್ದ ಆರು ಸಿಲಿಂಡರಿನ ಎಂಜಿನ್, 235 ಘನ ಇಂಚಿನದ್ದು. ಅದಕ್ಕೇ ಹೊಸ ಕ್ಯಾಮ್ ಹಾಕಿ, ಕಂಪ್ರೆಶನ್ ಏರಿಸಿ, ಮೂರು ಕಾರ್ಬುರೇಟರ್ ಸಿಕ್ಕಿಸಿ 150 ಅಶ್ವಶಕ್ತಿ ಹೊರಡಿಸಿದರು. ಬಾನೆಟ್ ತೀರಾ ತಗ್ಗಾಗಿದ್ದರಿಂದ ಆ ಕಾರ್ಬುರೇಟರುಗಳನ್ನು ಪಕ್ಕಕ್ಕೆ ಅಡ್ಡಡ್ಡ ಮಲಗಿಸಬೇಕಾಯಿತು. ಗೇರ್‌ಬಾಕ್ಸ್? ಎರಡೇ ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್. ಇಷ್ಟು ಶಕ್ತಿಯನ್ನು ತಡೆದುಕೊಳ್ಳೋ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಕಂಪನಿಯಲ್ಲಿ ಆಗ ತಯಾರಿರಲಿಲ್ಲ. ರೇಸ್ ಕಾರಿನ ಮೈ, ಒಳಗೆ ಅಜ್ಜನ ಸವಾರಿ.

ಹಾಗಂತ ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ನಾವು ದಿನಾ ಮಾಡೋ ಕೆಲಸ ಇನ್ನೇನು? ಹಳೆಯ ಲೈಬ್ರರಿ ಎತ್ತಿಕೊಂಡು ಹೊಸ ಸ್ಕ್ರೀನ್ ಅಂಟಿಸಿ ಡೆಮೊ ಕೊಡ್ತೀವಿ. ತೊಂದರೆ ಬರೋದು ಡೆಮೊ ಚೆನ್ನಾಗಿ ಆದಾಗ.

ಇಲ್ಲಿ ಡೆಮೊ ವಿಪರೀತ ಚೆನ್ನಾಗಿ ಆಯಿತು. 1953ರ ಜನವರಿ 17ರಂದು ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನ ಮೋಟೊರಾಮಾ ಪ್ರದರ್ಶನದಲ್ಲಿ ಬಿಳಿ ಕಾರ್ವೆಟ್ ತಿರುಗೋ ವೇದಿಕೆ ಹತ್ತಿತು. ಚಿಕ್ಕ ಯುದ್ಧನೌಕೆಯ ಈ ಹೆಸರು ಸೂಚಿಸಿದ್ದು ಮೈರನ್ ಸ್ಕಾಟ್ ಅನ್ನೋ ಕಂಪನಿಯ ಫೋಟೊಗ್ರಾಫರ್. ಎಂಜಿನ್ ಇಲ್ಲದ ಮರದ ಗಾಡಿಗಳಲ್ಲಿ ಮಕ್ಕಳು ಇಳಿಜಾರಿನಲ್ಲಿ ರೇಸ್ ಮಾಡೋ ಸೋಪ್ ಬಾಕ್ಸ್ ಡರ್ಬಿಯನ್ನು ಶುರು ಮಾಡಿಸಿದವನೂ ಅವನೇ, ಇದು ಸುಮ್ಮನೆ ಮಧ್ಯದಲ್ಲಿ ಹೇಳಿದೆ. ಜನರ ಉತ್ಸಾಹ ನೋಡಿ ಕಂಪನಿ ಆತುರಕ್ಕೆ ಬಿತ್ತು. ಜೂನ್ 30ಕ್ಕೆ, ಅಂದರೆ ಐದೂವರೆ ತಿಂಗಳಿಗೇ, ಮಿಶಿಗನ್ನಿನ ಫ್ಲಿಂಟ್ ಊರಿನಲ್ಲಿ ಮೊದಲ ಕಾರು ಹೊರಬಂತು.

ಈ ಅವಸರವೇ ಕಾರಿನ ಮೈ ಯಾವುದರದ್ದು ಅಂತ ತೀರ್ಮಾನ ಮಾಡಿತು. ಉಕ್ಕಿನ ಹಾಳೆಯನ್ನು ಬಾಗಿಸಬೇಕಾದರೆ ದೈತ್ಯ ಅಚ್ಚುಗಳು ಬೇಕು. ಅವನ್ನು ಕಡೆಯೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಖರ್ಚು ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ಹುಟ್ಟುತ್ತೆ. ಫೈಬರ್‌ಗ್ಲಾಸ್ ಹಾಗಲ್ಲ. ಅಚ್ಚು ಅಗ್ಗ, ಬೇಗ ಆಗುತ್ತೆ. ಆದರೆ ಒಂದೊಂದು ತುಂಡನ್ನೂ ಮನುಷ್ಯರು ಕೂತು ಮಾಡಬೇಕು, ಅಂಟಿಸಬೇಕು, ಉಜ್ಜಬೇಕು. ಪ್ರದರ್ಶನಕ್ಕೆ ಅಂತ ಫೈಬರ್‌ಗ್ಲಾಸಿನಲ್ಲಿ ಮಾಡಿದ್ದನ್ನೇ ಮುಂದುವರಿಸಿದರು. ಓಹಾಯೊ ರಾಜ್ಯದ ಆಶ್ಟಬುಲಾದಲ್ಲಿ ರಾಬರ್ಟ್ ಮಾರಿಸನ್ ಅನ್ನೋವನ ಕಂಪನಿಗೆ ಗುತ್ತಿಗೆ ಸಿಕ್ಕಿತು.

ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಪ್ರಸಂಗ ಇಲ್ಲಿದೆ. ಫ್ಲಿಂಟಿನಲ್ಲಿ ಮೊದಲ ಕಾರುಗಳನ್ನು ಜೋಡಿಸಿ ಬ್ಯಾಟರಿ ಕೊಟ್ಟರೆ ಲೈಟು ಗೀಟು ಯಾವುದೂ ಕೆಲಸ ಮಾಡಲಿಲ್ಲ. ವೈರಿಂಗ್ ನೋಡಿದರೆ ಸರಿಯಾಗೇ ಇದೆ. ಆಮೇಲೆ ಹೊಳೀತು. ಮಾಮೂಲಿ ಕಾರಿನಲ್ಲಿ ಬ್ಯಾಟರಿಯಿಂದ ಬಲ್ಬಿಗೆ ಒಂದೇ ವೈರ್ ಹೋಗುತ್ತೆ, ಕರೆಂಟು ವಾಪಸ್ ಬರೋದು ಕಾರಿನ ಕಬ್ಬಿಣದ ಮೈ ಮೂಲಕ. ಅರ್ಥಿಂಗ್. ಇದು ಗಾಜಿನ ನಾರು, ರಾಳದ ಮೈ. ವಾಪಸ್ ಬರೋ ದಾರಿಯೇ ಇಲ್ಲ! ಎಲ್ಲದಕ್ಕೂ ಬೇರೆ ಅರ್ಥ್ ವೈರ್ ಎಳೆಯಬೇಕಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಕಬ್ಬಿಣದ ಬಾನೆಟ್ ಇಲ್ಲದ್ದರಿಂದ ಸ್ಪಾರ್ಕ್ ಪ್ಲಗ್ಗಿನ ಗದ್ದಲ ಸೀದಾ ರೇಡಿಯೊಗೆ ಬರ್ತಿತ್ತು, ಅದಕ್ಕೆ ಲೋಹದ ಕವಚ ಕಟ್ಟಿದರು. ಆದರೆ ಅದೇ ಕಾರಣಕ್ಕೆ ಒಂದು ಲಾಭವೂ ಆಯಿತು: ಆಂಟೆನಾವನ್ನು ಡಿಕ್ಕಿಯ ಮುಚ್ಚಳದ ಒಳಗೇ ಹುದುಗಿಸಿಟ್ಟರು, ಹೊರಗೆ ಕಡ್ಡಿಯೇ ಬೇಕಿರಲಿಲ್ಲ. ಒಂದು ವಸ್ತುವನ್ನು ಬದಲಿಸಿದರೆ ಅದನ್ನು ನಂಬಿಕೊಂಡು ಸದ್ದಿಲ್ಲದೆ ಕೂತಿದ್ದ ಹತ್ತು ಸಂಗತಿ ಎದ್ದು ಬರ್ತವೆ. ಪ್ರೊಡಕ್ಷನ್ ಸಪೋರ್ಟ್ ಮಾಡಿದೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷ ಮಾಡಿದ್ದು 300 ಕಾರು. ಎಲ್ಲಾ ಬಿಳಿ, ಒಳಗೆ ಕೆಂಪು ಸೀಟು, ಮೇಲೆ ಕಪ್ಪು ಟಾಪು. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ, ಒಳಗೆ ಕೈ ಹಾಕಿ ತೆಗೀಬೇಕು. ಕಿಟಕಿಗೆ ಗಾಜಿಲ್ಲ, ಮಳೆ ಬಂದರೆ ಡಿಕ್ಕಿಯಿಂದ ಪರದೆ ತಂದು ಸಿಕ್ಕಿಸಬೇಕು. ಬೆಲೆ 3,498 ಡಾಲರ್. 1,850 ಎಲ್ಲಿ, 3,498 ಎಲ್ಲಿ! ಮೊದಲ ಕಾರುಗಳನ್ನು ಸಿನಿಮಾ ನಟರು, ಮೇಯರುಗಳು, ಉದ್ಯಮಿಗಳಿಗೆ ಅಂತ ಮೀಸಲಿಟ್ಟರು. ಅದೂ ಎಡವಟ್ಟೇ. ದುಡ್ಡಿದ್ದವರಿಗೆ ಮಳೆಗೆ ನೆನೆಯೋ ಕಾರು ಬೇಡ, ಬೇಕು ಅಂದ ಹುಡುಗರ ಹತ್ತಿರ ದುಡ್ಡಿಲ್ಲ. 1954ಕ್ಕೆ ತಯಾರಿಕೆ ಮಿಸೌರಿಯ ಸೇಂಟ್ ಲೂಯಿಸಿಗೆ ಹೋಯಿತು, ಸಂಖ್ಯೆ ಏರಿತು, ಶುರುವಿನಲ್ಲಿ ಹೇಳಿದ ಆ ಸಾವಿರ ಚಿಲ್ಲರೆ ಕಾರುಗಳು ನಿಂತವು.

ಈಗ ಜೋರಾ ಆರ್ಕಸ್-ಡುಂಟೊವ್ ಕಥೆ. ಹುಟ್ಟಿದ್ದು 1909ರಲ್ಲಿ, ಬ್ರಸೆಲ್ಸಿನಲ್ಲಿ, ರಷ್ಯನ್ ಯಹೂದಿ ದಂಪತಿಗೆ. ಬೆಳೆದದ್ದು ಕ್ರಾಂತಿಯ ಕಾಲದ ಪೆಟ್ರೊಗ್ರಾಡಿನಲ್ಲಿ. ತಾಯಿಯ ಬಾಳಿಗೆ ಎರಡನೆಯ ಗಂಡಸು ಬಂದಾಗ ಹುಡುಗರು ಹೆತ್ತ ತಂದೆ ಆರ್ಕಸ್, ಸಾಕಿದ ತಂದೆ ಡುಂಟೊವ್, ಇಬ್ಬರ ಹೆಸರನ್ನೂ ಜೋಡಿಸಿಕೊಂಡರು. ಓದಿದ್ದು ಬರ್ಲಿನ್ನಿನಲ್ಲಿ, 1934ರಲ್ಲಿ ಎಂಜಿನಿಯರಿಂಗ್ ಮುಗೀತು. ಆ ಊರಿನಲ್ಲಿ ಆ ವರ್ಷ ಒಬ್ಬ ಯಹೂದಿ ಹುಡುಗನ ಸ್ಥಿತಿ ಏನಿರಬಹುದು ಅಂತ ನೀವೇ ಊಹಿಸಿ. 1940ರಲ್ಲಿ ಫ್ರಾನ್ಸ್ ಬಿದ್ದಾಗ ಸ್ಪೇನ್, ಪೋರ್ಚುಗಲ್ ದಾಟಿ ನ್ಯೂಯಾರ್ಕಿನ ಹಡಗು ಹಿಡಿದ. ಅಲ್ಲಿ ತಮ್ಮ ಯೂರಾ ಜೊತೆ ಸೇರಿ ಫೋರ್ಡಿನ ವಿ8 ಎಂಜಿನ್ನಿಗೆ ಹೆಚ್ಚು ಶಕ್ತಿ ಕೊಡೋ 'ಆರ್ಡನ್' ಅನ್ನೋ ಸಿಲಿಂಡರ್ ಹೆಡ್ ಮಾಡಿ ಮಾರಿದ. ಆ ಹೆಸರಲ್ಲೂ ಇಬ್ಬರು ಅಪ್ಪಂದಿರೂ ಇದ್ದಾರೆ ನೋಡಿ. ವ್ಯಾಪಾರ ಕೈಹಿಡಿಯಲಿಲ್ಲ. ಇಂಗ್ಲೆಂಡಿಗೆ ಹೋಗಿ ಅಲ್ಲಾರ್ಡ್ ಕಂಪನಿಯಲ್ಲಿ ಕೆಲಸ ಮಾಡಿದ, ಅವರ ಕಾರಿನಲ್ಲಿ ಲ ಮಾನ್ ರೇಸೂ ಓಡಿಸಿದ.

1953ರ ಮೋಟೊರಾಮಾದಲ್ಲಿ ಕಾರ್ವೆಟ್ ನೋಡಿದ ಜನರ ಗುಂಪಿನಲ್ಲಿ ಇವನೂ ಒಬ್ಬ. ಅಷ್ಟು ಚೆಂದದ ಕಾರನ್ನು ಈವರೆಗೆ ನೋಡಿಲ್ಲ, ಆದರೆ ಒಳಗಿನ ಯಂತ್ರ ಆ ಚೆಂದಕ್ಕೆ ತಕ್ಕದ್ದಲ್ಲ ಅನ್ನಿಸಿತು. ಶೆವ್ರೊಲೆಯ ಮುಖ್ಯ ಎಂಜಿನಿಯರ್ ಎಡ್ ಕೋಲ್‌ಗೆ ಕಾಗದ ಬರೆದ. 1953ರ ಮೇ 1ಕ್ಕೆ ಕೆಲಸಕ್ಕೆ ಸೇರಿದ. ವಯಸ್ಸು 43, ಇಂಗ್ಲಿಷಿನಲ್ಲಿ ರಷ್ಯನ್ ಎಳೆತ, ಹುದ್ದೆ ಸಣ್ಣದು. ಸೇರಿ ಒಂದು ತಿಂಗಳಾಗಿದೆ ಅಷ್ಟೇ, ಲ ಮಾನ್ ರೇಸಿಗೆ ಹೋಗಬೇಕು ಅಂತ ರಜೆ ಕೇಳಿದ! ಅವನ ಮೇಲಧಿಕಾರಿ ಮಾರಿಸ್ ಆಲಿ, ಹಿಂದೆ ರೋಲ್ಸ್ ರಾಯ್ಸಿನಲ್ಲಿದ್ದ, ಸಸ್ಪೆನ್ಶನ್ನಿನ ವಿದ್ಯೆ ಅರೆದು ಕುಡಿದಿದ್ದ ಶಿಸ್ತಿನ ಇಂಗ್ಲಿಷ್ ಮನುಷ್ಯ. ಅವನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಜೋರಾ ಹೋಗಿಯೇ ಹೋದ.

ಆದರೆ ಜೋರಾನ ನಿಜವಾದ ಕಾಣಿಕೆ ನನ್ನ ಪ್ರಕಾರ ಯಂತ್ರಕ್ಕಿಂತ ಮೊದಲು ಕಾಗದದ ಮೇಲೆ ಆಯಿತು. 1953ರ ಡಿಸೆಂಬರ್ 16ರಂದು ಅವನು ಮೇಲಿನವರಿಗೆ ಒಂದು ಟಿಪ್ಪಣಿ ಕಳಿಸಿದ. ವಿಷಯ: ಯುವಕರು, ಹಾಟ್ ರಾಡ್ ಹುಚ್ಚಿನವರು ಮತ್ತು ಶೆವ್ರೊಲೆ. ಅದರ ಸಾರ ಹೀಗೆ. ಕಾರಿನ ಹುಚ್ಚು ಹತ್ತಿದ ಹುಡುಗ ಓದೋ ಪತ್ರಿಕೆ ತುಂಬಾ ಫೋರ್ಡ್ ಇದೆ. ಅವನು ಮೊದಲು ಕೊಳ್ಳೋದು ಹಳೇ ಫೋರ್ಡ್, ಬಿಚ್ಚಿ ಕಟ್ಟಿ ಕಲಿಯೋದು ಫೋರ್ಡ್, ಸಂಬಳ ಬಂದ ಮೇಲೆ ಹೊಸದಾಗಿ ತಗೊಳೋದೂ ಫೋರ್ಡ್. ನಮ್ಮದು ಎಷ್ಟೇ ಒಳ್ಳೆ ಎಂಜಿನ್ ಆದರೂ ಅಷ್ಟರಿಂದಲೇ ಅವನು ಈಚೆ ಬರೋದಿಲ್ಲ. ಅವನು ತಾನೇ ಸಿಕ್ಕಿಸಿಕೊಳ್ಳಬಹುದಾದ, ಪರೀಕ್ಷೆ ಮಾಡಿ ಪಕ್ಕಾ ಮಾಡಿದ ಬಿಡಿಭಾಗಗಳನ್ನು ನಾವೇ ಮಾರಬೇಕು, ಕಾರ್ವೆಟ್ಟಿನಿಂದ ಶುರು ಮಾಡಬೇಕು. ಇವತ್ತು ನಮ್ಮ ಆಫೀಸುಗಳಲ್ಲಿ ಡೆವಲಪರ್ ಇಕೋಸಿಸ್ಟಮ್ ಅಂತ ಸ್ಲೈಡ್ ತೋರಿಸ್ತಾರಲ್ಲ, ಅದು ಬೇರೆಯೇನಲ್ಲ. ವ್ಯತ್ಯಾಸ ಏನಪ್ಪಾ ಅಂದ್ರೆ, ಫೋರ್ಡಿಗೆ ಬಿಡಿಭಾಗ ಮಾಡಿ ಹಾಟ್ ರಾಡ್ ಹುಡುಗರ ಜೊತೆ ವ್ಯಾಪಾರ ಮಾಡಿದ ಮನುಷ್ಯ ಬರೆದದ್ದು ಇದು.

ಎರಡನೆಯ ಟಿಪ್ಪಣಿ 1954ರ ಅಕ್ಟೋಬರಿನದ್ದು. ಆಗ ಕಾರ್ವೆಟ್ಟನ್ನು ಮುಚ್ಚೋ ಮಾತು ಗಟ್ಟಿಯಾಗಿತ್ತು. ಅದೇ ತಿಂಗಳು ಫೋರ್ಡ್ ತನ್ನ ಎರಡು ಸೀಟಿನ ಥಂಡರ್‌ಬರ್ಡನ್ನು ಮಾರುಕಟ್ಟೆಗೆ ಬಿಟ್ಟಿತು: ಉಕ್ಕಿನ ಮೈ, ವಿ8 ಎಂಜಿನ್, ಏರಿಸಿ ಇಳಿಸೋ ಗಾಜು. ಕೋಲ್ ಮತ್ತು ಆಲಿಗೆ ಜೋರಾ ಬರೆದ. ಈಗ ಕೈಬಿಟ್ಟರೆ ಸೋಲೊಪ್ಪಿಕೊಂಡ ಹಾಗೆ; ನಾವು ಬಿದ್ದ ಜಾಗದಲ್ಲೇ ಫೋರ್ಡ್ ಗೆದ್ದರೆ ಆ ಪೆಟ್ಟು ಒಂದು ಕಾರಿಗೆ ಮಾತ್ರ ಬೀಳೋದಿಲ್ಲ. ಈ ಕಾರಿಗೇ ಅಂತ ಒಂದು ಸಣ್ಣ ತಂಡ ಕೊಡಿ ಅಂತಲೂ ಕೇಳಿದ.

ಇಲ್ಲಿ ನನ್ನ ತಕರಾರು. ಜೋರಾ ಉಳಿಸಿದ ಅಂತೀವಿ, ಸರಿ. ಆದರೆ ಅವನು ಬರೆಯುವಾಗ ವಿ8 ಎಂಜಿನ್ ಆಗಲೇ ಸಿದ್ಧವಾಗಿತ್ತು, ಅದು ಅವನದ್ದಲ್ಲ. ಎಡ್ ಕೋಲ್ ತಂಡ ಎಲ್ಲಾ ಶೆವ್ರೊಲೆ ಕಾರುಗಳಿಗೆ ಅಂತ ಮಾಡಿದ್ದ 265 ಘನ ಇಂಚಿನ ಎಂಜಿನ್ ಅದು. ಹಳೇ ಆರು ಸಿಲಿಂಡರಿಗಿಂತ ಹಗುರ, 1955ರ ಕಾರ್ವೆಟ್ಟಿನಲ್ಲಿ 195 ಅಶ್ವಶಕ್ತಿ. ಇನ್ನು ಕಂಪನಿಯ ಮನಸ್ಸು ತಿರುಗಿಸಿದ ದೊಡ್ಡ ಕಾರಣ ಫೋರ್ಡ್. 1955ರಲ್ಲಿ ಥಂಡರ್‌ಬರ್ಡ್ 16,155, ಕಾರ್ವೆಟ್ 700. ಇಪ್ಪತ್ತಮೂರು ಪಟ್ಟು! ಲೆಕ್ಕ ಮಾತ್ರ ನೋಡೋರು ಇದ್ದಿದ್ದರೆ ಅವತ್ತೇ ಬಾಗಿಲು ಹಾಕ್ತಿದ್ದರು. ಆದರೆ ಪಕ್ಕದ ಮನೆಯವನು ಗೆಲ್ಲುವಾಗ ಆಟ ಬಿಟ್ಟು ಏಳೋದು ಯಾರಿಗೂ ಕಷ್ಟ. ಥಂಡರ್‌ಬರ್ಡ್ ಇಲ್ಲದೇ ಹೋಗಿದ್ದರೆ ಜೋರಾನ ಟಿಪ್ಪಣಿ ಯಾವುದೋ ಡ್ರಾಯರಿನಲ್ಲಿ ಕೊಳೀತಿತ್ತು ಅನ್ನೋದು ನನ್ನ ನಂಬಿಕೆ.

ಗೆದ್ದ ಕಾರಿಗೆ ಏನಾಯಿತು ಅನ್ನೋದು ಇನ್ನೂ ವಿಚಿತ್ರ. ಫೋರ್ಡಿನಲ್ಲಿ ಆಗ ರಾಬರ್ಟ್ ಮೆಕ್ನಮಾರಾ ಇದ್ದ, ಮುಂದೆ ವಿಯೆಟ್ನಾಂ ಯುದ್ಧದ ಕಾಲಕ್ಕೆ ರಕ್ಷಣಾ ಕಾರ್ಯದರ್ಶಿ ಆದ ಅದೇ ಮೆಕ್ನಮಾರಾ. ಅಂಕಿಗಳ ಮನುಷ್ಯ. ನಾಲ್ಕು ಸೀಟು ಹಾಕಿದರೆ ಹೆಚ್ಚು ಮಾರುತ್ತೆ ಅಂತ ಅವನ ಲೆಕ್ಕ ಹೇಳಿತು. 1958ರಲ್ಲಿ ಹಾಕಿದರು, ಮಾರಾಟ 37,000 ದಾಟಿತು. ಲೆಕ್ಕ ನೂರಕ್ಕೆ ನೂರು ಸರಿ. ಎರಡು ಸೀಟಿನ ಥಂಡರ್‌ಬರ್ಡ್ ಮೂರೇ ವರ್ಷಕ್ಕೆ ಮುಗೀತು. ಸೋತ ಕಾರ್ವೆಟ್ಟಿಗೆ ಇಡೀ ಮೈದಾನ ಖಾಲಿ ಸಿಕ್ಕಿತು.

ಆ ಮೈದಾನದಲ್ಲಿ ಜೋರಾ ನಿಜಕ್ಕೂ ಆಡಿದ. 1956ಕ್ಕೆ ಹೊಸ ಮೈ ಬಂತು, ಬಾಗಿಲಿಗೆ ಹಿಡಿ ಬಂತು, ಕಿಟಕಿಗೆ ಗಾಜು ಬಂತು, ಮೂರು ಗೇರಿನ ಮ್ಯಾನ್ಯುಯಲ್ ಮಾಮೂಲಿ ಗೇರ್‌ಬಾಕ್ಸ್ ಆಯಿತು. ಅವನ ಹೆಸರೇ ಹೊತ್ತ 'ಡುಂಟೊವ್ ಕ್ಯಾಮ್' ಜಾಣತನದ ಕೆಲಸ. ಹೆಚ್ಚು ಶಕ್ತಿ ಬೇಕೆಂದರೆ ವಾಲ್ವನ್ನು ಹೆಚ್ಚು ಎತ್ತಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾಗ, ಇವನು ಕಡಿಮೆ ಎತ್ತಿ ಹೆಚ್ಚು ಹೊತ್ತು ತೆರೆದಿಟ್ಟ. ಮೆಲ್ಲಗೆ ಏರಿ ಮೆಲ್ಲಗೆ ಇಳಿಯೋದರಿಂದ ವೇಗ ಎಷ್ಟು ಹೆಚ್ಚಿದರೂ ವಾಲ್ವು ಹಿಡಿತ ತಪ್ಪಿ ಹಾರೋದಿಲ್ಲ. 1956ರ ಜನವರಿಯಲ್ಲಿ ಡೇಟೋನಾದ ಸಮುದ್ರದ ದಂಡೆಯ ಮರಳಿನ ಮೇಲೆ ಅವನೇ ಕೂತು ಗಂಟೆಗೆ 150 ಮೈಲಿ ದಾಟಿಸಿದ, ಅಂದರೆ 240 ಕಿಲೋಮೀಟರಿಗೂ ಮೇಲೆ. ಮುಂದಿನ ವರ್ಷ ಜಾನ್ ಡೋಲ್ಜಾ ಜೊತೆ ಸೇರಿ ಫ್ಯುಯೆಲ್ ಇಂಜೆಕ್ಷನ್ ತಂದ. 283 ಘನ ಇಂಚು, 283 ಅಶ್ವಶಕ್ತಿ. ಜಾಹೀರಾತಿನವರಿಗೆ ಇದಕ್ಕಿಂತ ಒಳ್ಳೆ ಅಂಕಿ ಸಿಗೋದುಂಟೇ?

ಮಾರಾಟ ನಿಧಾನಕ್ಕೆ ಏರಿತು: 1956ರಲ್ಲಿ 3,467, 1957ರಲ್ಲಿ 6,339, 1960ಕ್ಕೆ ಮೊದಲ ಸಲ ಹತ್ತು ಸಾವಿರದಾಚೆ. ಏಳು ವರ್ಷ ಹಿಡಿಯಿತು. ಇವತ್ತಿನ ಯಾವ ಹೂಡಿಕೆದಾರ ಕಾಯ್ತಾನೆ?

1963ರ ಸ್ಟಿಂಗ್ ರೇ ಬಗ್ಗೆ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಅರ್ಲ್ ನಿವೃತ್ತನಾಗಿ ಬಿಲ್ ಮಿಚೆಲ್ ಬಂದಿದ್ದ. ಅವನ ಕೈಕೆಳಗೆ ಆ ಕಾರಿಗೆ ರೂಪ ಕೊಟ್ಟವನು ಲ್ಯಾರಿ ಶಿನೋಡಾ. ಜಪಾನಿ ಮೂಲದ ಲಾಸ್ ಏಂಜಲೀಸ್ ಹುಡುಗ. ಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ತನ್ನದೇ ಪ್ರಜೆಗಳಾದ ಜಪಾನಿ ಮೂಲದವರನ್ನು ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿತಲ್ಲ, ಆಗ ಹದಿಹರೆಯದ ಶಿನೋಡಾನೂ ಮಂಜನಾರ್ ಶಿಬಿರದ ಮುಳ್ಳುತಂತಿಯೊಳಗಿದ್ದ. ಅಮೆರಿಕದ ಅಪ್ಪಟ ಕಾರು ಅಂತ ಅವರು ಎದೆ ತಟ್ಟಿ ಹೇಳೋ ಕಾರಿನ ರೂಪ ಒಬ್ಬ ಮಾಜಿ ಕೈದಿಯದ್ದು, ಜೀವ ಒಬ್ಬ ನಿರಾಶ್ರಿತನದ್ದು.

ಆ ಕಾರಿನ ಹಿಂದಿನ ಗಾಜನ್ನು ನಡುವೆ ಒಂದು ಪಟ್ಟಿ ಸೀಳಿತ್ತು. ಮಿಚೆಲ್‌ಗೆ ಅದು ಪ್ರಾಣ. ಹಿಂದೆ ಏನೂ ಕಾಣೋದಿಲ್ಲ ಅಂತ ಜೋರಾ ಜಗಳ ಆಡಿದ. 1963ಕ್ಕೆ ಮಿಚೆಲ್ ಗೆದ್ದ, 1964ಕ್ಕೆ ಪಟ್ಟಿ ಹೋಯಿತು. ಈಗ ಹಳೇ ಕಾರು ಸಂಗ್ರಹಿಸೋರು ಆ ಒಂದೇ ವರ್ಷದ ಸೀಳು ಗಾಜಿಗೆ ಮುಗಿಬೀಳ್ತಾರೆ. ನಾನು ಜೋರಾ ಪಕ್ಷ, ರಿವರ್ಸ್ ತೆಗೆಯುವಾಗ ಚೆಂದ ಕಟ್ಟಿಕೊಂಡು ಏನು ಮಾಡೋದು?

ಕೆಳಗಡೆ ಜೋರಾ ಮಾಡಿದ್ದು ಹಿಂದಿನ ಎರಡೂ ಚಕ್ರ ಬೇರೆಬೇರೆಯಾಗಿ ಏರಿಳಿಯೋ ಸಸ್ಪೆನ್ಶನ್. ಸ್ಪ್ರಿಂಗಿಗೆ ಜಾಗ ಇರಲಿಲ್ಲ. ಲಾರಿಯವರು ಬ್ಲೇಡ್ ಅಂತಾರಲ್ಲ, ನಮ್ಮೂರ ಟ್ರ್ಯಾಕ್ಟರ್ ಟ್ರೇಲರಿನ ಕೆಳಗೂ ಇರುತ್ತೆ, ಆ ಲೀಫ್ ಸ್ಪ್ರಿಂಗನ್ನೇ ತಗೊಂಡು ಉದ್ದಕ್ಕೆ ಬದಲು ಅಡ್ಡಕ್ಕೆ ಇಟ್ಟ. ಒಂದೇ ಕಟ್ಟು, ಎರಡು ಚಕ್ರಕ್ಕೂ ಸಾಕು. ಹೊಸತಲ್ಲದ ಸಾಮಾನಿನಲ್ಲಿ ಹೊಸ ಕೆಲಸ. ಆ ವರ್ಷ 21,513 ಕಾರು ಹೋದವು.

ಇಷ್ಟೆಲ್ಲ ಮಾಡಿದವನಿಗೆ ಕಾರ್ವೆಟ್ಟಿನ ಮುಖ್ಯ ಎಂಜಿನಿಯರ್ ಅನ್ನೋ ಪದವಿ ಬಂದದ್ದು 1960ರ ದಶಕದ ಕೊನೆಗೆ. ಅವನಿಗೆ ಒಂದೇ ಆಸೆ ಉಳಿದಿತ್ತು: ಎಂಜಿನ್ ಚಾಲಕನ ಬೆನ್ನ ಹಿಂದೆ ಇರಬೇಕು. ಮೆಕ್ಲೀನ್ ಎಂಜಿನ್ನನ್ನು ಹಿಂದಕ್ಕೆ ತಳ್ಳಿದ ದಾರಿಯಲ್ಲೇ ಇನ್ನೊಂದು ಹೆಜ್ಜೆ. 1960ರಿಂದಲೇ ಒಂದಾದ ಮೇಲೊಂದು ಮಾದರಿ ಮಾಡಿ ತೋರಿಸಿದ. ಮುಂದೆ ಎಂಜಿನ್ ಇರೋ ಕಾರೇ ಮಾರ್ತಾ ಇದೆಯಲ್ಲ, ಖರ್ಚು ಯಾಕೆ ಅಂತ ಕಂಪನಿ ಪ್ರತಿ ಸಲ ಕೇಳಿತು. 1975ರ ಜನವರಿಯಲ್ಲಿ ನಿವೃತ್ತನಾದ. 1996ರಲ್ಲಿ ತೀರಿಕೊಂಡ. ಅವನ ಚಿತಾಭಸ್ಮ ಕೆಂಟಕಿಯ ಬೌಲಿಂಗ್ ಗ್ರೀನಿನ ಕಾರ್ವೆಟ್ ಮ್ಯೂಸಿಯಮ್ಮಿನಲ್ಲಿದೆ. 2014ರ ಫೆಬ್ರವರಿಯಲ್ಲಿ ಅದೇ ಮ್ಯೂಸಿಯಮ್ಮಿನ ನೆಲ ಕುಸಿದು ಎಂಟು ಕಾರ್ವೆಟ್ಟುಗಳನ್ನು ನುಂಗಿತು, ಇವನಿಗೇನೂ ಆಗಲಿಲ್ಲ.

ಎಂಜಿನ್ ಹಿಂದೆ ಇರೋ ಕಾರ್ವೆಟ್ ಕೊನೆಗೂ ಬಂದದ್ದು 2019ರ ಜುಲೈ 18ರಂದು, ಅವನು ಸತ್ತು 23 ವರ್ಷದ ಮೇಲೆ. 1963ರಿಂದ ಬಿಡದೆ ಬಂದಿದ್ದ ಅಡ್ಡ ಲೀಫ್ ಸ್ಪ್ರಿಂಗನ್ನು ಅದರಲ್ಲಿ ತೆಗೆದುಹಾಕಿದರು. ಮ್ಯಾನ್ಯುಯಲ್ ಗೇರ್‌ಬಾಕ್ಸೂ ಹೋಯಿತು. 1953ರ ಫ್ಲಿಂಟಿನ ಆ 300 ಬಿಳಿ ಕಾರುಗಳ ಹಾಗೆ ಇದೂ ಬರೀ ಆಟೊಮ್ಯಾಟಿಕ್. ಎರಡು ಗೇರಿದ್ದ ಕಡೆ ಈಗ ಎಂಟು.